ಲೂಯಿ ಶಾರ್ಲ್ ಬ್ರೆಗೆ

ಲೂಯಿ ಶಾರ್ಲ್ ಬ್ರೆಗೆ (ಜನನ: 2 ಜನವರಿ 1880, ಪ್ಯಾರಿಸ್ – ಮರಣ: 4 ಮೇ 1955, ಸೇಂಟ್-ಜರ್ಮೈನ್-ಆನ್-ಲೇ) ಫ್ರಾನ್ಸ್ ದೇಶದ ವಿಮಾನ ವಿನ್ಯಾಸಕ, ವಿಮಾನ ಚಾಲಕ ಮತ್ತು ಉದ್ಯಮಿ. ವಿಮಾನಯಾನದ ಆರಂಭದ ದಿನಗಳಿಂದ ಅರ್ಧ ಶತಮಾನದ ಕಾಲ ಈ ಕ್ಷೇತ್ರದಲ್ಲಿ ದುಡಿದ ಕೆಲವೇ ಮಂದಿಯಲ್ಲಿ ಇವರು ಒಬ್ಬರು. ನೆಲದಿಂದ ನೇರವಾಗಿ ಮೇಲೇಳುವ ಯಂತ್ರದ ಮೊದಲ ಪ್ರಯೋಗಗಳಲ್ಲಿ ಒಂದನ್ನು ಇವರು 1907ರಲ್ಲಿ ನಡೆಸಿದರು. ಮೊದಲ ಮಹಾಯುದ್ಧದ ಪ್ರಸಿದ್ಧ ಬಾಂಬರ್ ಬ್ರೆಗೆ 14 ಮತ್ತು ಎರಡು ಮಹಾಯುದ್ಧಗಳ ನಡುವಣ ಕಾಲದ ಸೈನಿಕ ಬೈಪ್ಲೇನ್ ಬ್ರೆಗೆ 19 ಇವರ ಕಾರ್ಖಾನೆಯಲ್ಲಿ ರೂಪುಗೊಂಡವು. ವಿಮಾನವೊಂದು ಹೊತ್ತ ಇಂಧನದಲ್ಲಿ ಎಷ್ಟು ದೂರ ಹಾರಬಲ್ಲದು ಎಂಬುದನ್ನು ಲೆಕ್ಕ ಹಾಕುವ ಸೂತ್ರವು ಇಂದಿಗೂ ಇವರ ಹೆಸರಿನಲ್ಲೇ ಬಳಕೆಯಲ್ಲಿದೆ.

ಕುಟುಂಬ ಮತ್ತು ಶಿಕ್ಷಣ

ಬ್ರೆಗೆ ಮನೆತನವು ವಿಮಾನಗಳಿಗಿಂತ ಬಹಳ ಮೊದಲೇ ಗಡಿಯಾರಗಳಿಂದ ಖ್ಯಾತಿ ಪಡೆದಿತ್ತು. ಸ್ವಿಟ್ಜರ್‌ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಅಬ್ರಹಾಂ-ಲೂಯಿ ಬ್ರೆಗೆ (1747–1823) ಯುರೋಪಿನ ರಾಜಮನೆತನಗಳಿಗೆ ಗಡಿಯಾರಗಳನ್ನು ತಯಾರಿಸಿಕೊಟ್ಟವರು. ಅವರ ಮೊಮ್ಮಗ ಲೂಯಿ-ಕ್ಲೆಮಾಂ ಬ್ರೆಗೆ (1804–1883) ಭೌತವಿಜ್ಞಾನಿಯಾಗಿದ್ದು, ತಂತಿ ಯಂತ್ರಗಳ ಹಾಗೂ ವಿದ್ಯುತ್ ಉಪಕರಣಗಳ ತಯಾರಿಕೆಯತ್ತ ಒಲವು ಬೆಳೆಸಿಕೊಂಡರು. 1870ರಲ್ಲಿ ಗಡಿಯಾರದ ವ್ಯವಹಾರವು ಬೇರೆಯವರ ಕೈಗೆ ಹೋಯಿತು. ವಿದ್ಯುತ್ ಉಪಕರಣಗಳ ಉದ್ಯಮ ಕುಟುಂಬದ ಬಳಿಯಲ್ಲೇ ಉಳಿಯಿತು.

ಲೂಯಿ-ಕ್ಲೆಮಾಂ ಅವರ ಮಗ ಆಂತ್ವಾನ್ ಬ್ರೆಗೆ 1882ರಲ್ಲಿ ಕಿರಿಯ ವಯಸ್ಸಿನಲ್ಲೇ ತೀರಿಕೊಂಡರು. ಆಗ ಅವರ ಮಗ ಲೂಯಿ ಶಾರ್ಲ್‌ಗೆ ಕೇವಲ ಎರಡು ವರ್ಷ. ಮರುವರ್ಷವೇ ತಾತನೂ ನಿಧನರಾದರು. ಲೂಯಿ ಪ್ಯಾರಿಸ್‌ನ ಶಾಲೆಗಳಲ್ಲಿ ಓದಿ, ಅಲ್ಲಿನ ಉನ್ನತ ವಿದ್ಯುತ್ ಶಾಲೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ಪಡೆದರು. ಅನಂತರ ಕುಟುಂಬದ ಕಂಪನಿಯ ವಿದ್ಯುತ್ ವಿಭಾಗವನ್ನು ಸೇರಿದರು. ಉತ್ತರ ಫ್ರಾನ್ಸಿನ ದುವೇ ನಗರದಲ್ಲಿದ್ದ ಕಂಪನಿಯ ಕಾರ್ಖಾನೆಯೇ ಮುಂದೆ ಅವರ ವಿಮಾನ ಪ್ರಯೋಗಗಳಿಗೆ ನೆಲೆಯಾಯಿತು. ಸೂಕ್ಷ್ಮ ಅಳತೆ ಮತ್ತು ಲೆಕ್ಕಾಚಾರಕ್ಕೆ ಒತ್ತುಕೊಡುವ ಮನೆತನದ ಪದ್ಧತಿಯನ್ನು ಅವರು ಹೊಸ ಕ್ಷೇತ್ರಕ್ಕೂ ಕೊಂಡೊಯ್ದರು.

ಗೈರೊಪ್ಲೇನ್ ಪ್ರಯೋಗ

1905ರ ಸುಮಾರಿಗೆ ಲೂಯಿ ತಮ್ಮ ಸಹೋದರ ಜಾಕ್ ಬ್ರೆಗೆ ಅವರೊಡನೆ, ಶರೀರಕ್ರಿಯಾ ವಿಜ್ಞಾನಿ ಶಾರ್ಲ್ ರಿಶೆ ಅವರ ಮಾರ್ಗದರ್ಶನದಲ್ಲಿ, ತಿರುಗುವ ರೆಕ್ಕೆಗಳ ಯಂತ್ರವೊಂದರ ಕೆಲಸ ಆರಂಭಿಸಿದರು. ರಿಶೆ ಅವರು ಮುಂದೆ 1913ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ. ಈ ಯಂತ್ರಕ್ಕೆ ಗೈರೊಪ್ಲೇನ್ ಎಂದು ಹೆಸರಿಡಲಾಯಿತು. ಉಕ್ಕಿನ ಕೊಳವೆಗಳ ಚೌಕಟ್ಟಿನ ನಾಲ್ಕು ತುದಿಗಳಲ್ಲಿ ಸುಮಾರು 8 ಮೀಟರ್ ವ್ಯಾಸದ ನಾಲ್ಕು ರೋಟರ್‌ಗಳಿದ್ದವು. ನಡುವೆ ಎಂಜಿನ್ ಮತ್ತು ಚಾಲಕನ ಆಸನವಿತ್ತು.

1907ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ದುವೇಯಲ್ಲಿ ನಡೆದ ಪರೀಕ್ಷೆಗಳಲ್ಲಿ ಯಂತ್ರವು ಚಾಲಕನನ್ನು ಹೊತ್ತು ಮೊದಲು ಸುಮಾರು 60 ಸೆಂಟಿಮೀಟರ್, ಬಳಿಕ ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ಏರಿತು. ಆದರೆ ಗಾಳಿಯಲ್ಲಿ ಅದರ ಸಮತೋಲ ಕಾಯ್ದುಕೊಳ್ಳುವ ವ್ಯವಸ್ಥೆ ಇರಲಿಲ್ಲ. ಯಂತ್ರ ಓರೆಯಾಗದಂತೆ ನಾಲ್ವರು ನೆಲದ ಮೇಲೆ ನಿಂತು ನಾಲ್ಕು ಮೂಲೆಗಳನ್ನು ಹಿಡಿದುಕೊಳ್ಳಬೇಕಾಗಿತ್ತು. ಈ ಕಾರಣದಿಂದ ಇದನ್ನು ಸ್ವತಂತ್ರ ಹಾರಾಟವೆಂದು ಪರಿಗಣಿಸುವುದಿಲ್ಲ. ಯಂತ್ರವೊಂದು ತನ್ನ ತೂಕವನ್ನೂ ಮನುಷ್ಯನ ತೂಕವನ್ನೂ ನೇರವಾಗಿ ಮೇಲೆತ್ತಬಲ್ಲದು ಎಂಬುದನ್ನು ಇದು ತೋರಿಸಿಕೊಟ್ಟಿತು. ಎತ್ತಿದ್ದನ್ನು ನಿಯಂತ್ರಿಸುವ ಬಗೆಯನ್ನು ಕಂಡುಕೊಳ್ಳಲು ಬ್ರೆಗೆಯವರಿಗೆ ಇನ್ನೂ 28 ವರ್ಷಗಳು ಬೇಕಾದವು.

ಮೊದಲ ವಿಮಾನಗಳು

1909ರಲ್ಲಿ ಬ್ರೆಗೆ ಸ್ಥಿರ ರೆಕ್ಕೆಗಳ ವಿಮಾನದತ್ತ ಹೊರಳಿದರು. ಅವರ ಮೊದಲ ಬೈಪ್ಲೇನ್ ಅದೇ ವರ್ಷ ಹಾರಿತು. ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ವಿಮಾನವನ್ನು ಬೈಪ್ಲೇನ್ ಎನ್ನುತ್ತಾರೆ. ಆ ಕಾಲದ ಹೆಚ್ಚಿನ ವಿಮಾನಗಳು ಮರ ಮತ್ತು ಬಟ್ಟೆಯಿಂದ ತಯಾರಾಗುತ್ತಿದ್ದರೆ, ಬ್ರೆಗೆ ಆರಂಭದಿಂದಲೇ ಉಕ್ಕಿನ ಕೊಳವೆಗಳನ್ನು ಬಳಸಿದರು. 1911ರ ಮಾರ್ಚ್‌ನಲ್ಲಿ ಅವರ ಬೈಪ್ಲೇನ್ ಒಂದು 11 ಮಂದಿಯನ್ನು ಹೊತ್ತು ಹಾರಿ ಗಮನ ಸೆಳೆಯಿತು. ಅದೇ ವರ್ಷ ಅವರು ತಮ್ಮ ಹೆಸರಿನ ವಿಮಾನ ಕಂಪನಿಯನ್ನು ಸ್ಥಾಪಿಸಿದರು.

ಮೊದಲ ಮಹಾಯುದ್ಧ ಮತ್ತು ಬ್ರೆಗೆ 14

1914ರಲ್ಲಿ ಯುದ್ಧ ಆರಂಭವಾದಾಗ ಬ್ರೆಗೆ ಸ್ವತಃ ಚಾಲಕನಾಗಿ ಸೇನೆಗೆ ಸೇರಿ, ತಮ್ಮದೇ ವಿನ್ಯಾಸದ ವಿಮಾನದಲ್ಲಿ ಶತ್ರುಸೇನೆಯ ಚಲನವಲನಗಳನ್ನು ವೀಕ್ಷಿಸುವ ಹಾರಾಟಗಳನ್ನು ನಡೆಸಿದರು. ದುವೇ ನಗರ ಜರ್ಮನ್ ಸೇನೆಯ ವಶವಾದ್ದರಿಂದ ಅಲ್ಲಿನ ಕಾರ್ಖಾನೆ ಕೈತಪ್ಪಿತು. ಪ್ಯಾರಿಸ್ ಸಮೀಪದ ವೆಲಿಝಿ-ವಿಲ್ಲಕೂಬ್ಲೆಯಲ್ಲಿ ಕಂಪನಿಯ ಕೆಲಸ ಮುಂದುವರಿಯಿತು.

1916ರ ನವೆಂಬರ್ 21ರಂದು ಬ್ರೆಗೆ 14 ಮೊದಲ ಬಾರಿಗೆ ಹಾರಿತು. ಇದು ಇಬ್ಬರು ಕುಳಿತುಕೊಳ್ಳುವ ವೀಕ್ಷಣಾ ಹಾಗೂ ಬಾಂಬರ್ ವಿಮಾನ. ಇದರ ಚೌಕಟ್ಟಿನ ಹೆಚ್ಚಿನ ಭಾಗವನ್ನು ಡ್ಯುರಾಲುಮಿನ್‌ನಿಂದ ಮಾಡಲಾಗಿತ್ತು. ಅಲ್ಯೂಮಿನಿಯಂ ಜೊತೆಗೆ ತಾಮ್ರ ಮತ್ತಿತರ ಲೋಹಗಳನ್ನು ಸ್ವಲ್ಪ ಪ್ರಮಾಣದಲ್ಲಿ ಬೆರೆಸಿದ ಈ ಮಿಶ್ರಲೋಹವು ಹಗುರವಾಗಿದ್ದೂ ಗಟ್ಟಿಯಾಗಿತ್ತು. ಹೆಚ್ಚು ಲೋಹವನ್ನು ಬಳಸಿ ಭಾರೀ ಸಂಖ್ಯೆಯಲ್ಲಿ ತಯಾರಾದ ಮೊದಲ ವಿಮಾನಗಳಲ್ಲಿ ಇದೂ ಒಂದು. ಗುಂಡೇಟುಗಳನ್ನು ತಾಳಿಕೊಂಡು ಮರಳಿ ಬರುವ ಅದರ ಗಟ್ಟಿತನವು ಚಾಲಕರ ವಿಶ್ವಾಸ ಗಳಿಸಿತು. ಹಲವು ಕಂಪನಿಗಳು ಇದನ್ನು ತಯಾರಿಸಿದವು. 1920ರ ದಶಕದ ಮಧ್ಯದವರೆಗೂ ಉತ್ಪಾದನೆ ನಡೆದು ಒಟ್ಟು ಸಂಖ್ಯೆ ಸುಮಾರು 8000ವನ್ನು ಮುಟ್ಟಿತು.

ನಾಗರಿಕ ವಿಮಾನಯಾನ

ಯುದ್ಧ ಮುಗಿದ ನಂತರ 1919ರಲ್ಲಿ ಬ್ರೆಗೆ ಅವರು ವಿಮಾನ ಸಾರಿಗೆ ಕಂಪನಿಯೊಂದರ ಸ್ಥಾಪನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಇದು 1923ರಲ್ಲಿ ಏರ್ ಯೂನಿಯನ್ ಕಂಪನಿಯಲ್ಲಿಯೂ, ಏರ್ ಯೂನಿಯನ್ 1933ರಲ್ಲಿ ಏರ್ ಫ್ರಾನ್ಸ್‌ನಲ್ಲಿಯೂ ವಿಲೀನಗೊಂಡವು. ಟೂಲೂಸ್‌ನಿಂದ ಕಾಸಾಬ್ಲಾಂಕಾಕ್ಕೆ, ಅಲ್ಲಿಂದ ಡಕಾರ್‌ಗೆ ಅಂಚೆ ಸಾಗಿಸುತ್ತಿದ್ದ ಲಾಟೆಕೋಯೆರ್ ಕಂಪನಿಯೂ ಯುದ್ಧದಲ್ಲಿ ಬಳಕೆಯಾಗಿದ್ದ ಬ್ರೆಗೆ 14 ವಿಮಾನಗಳನ್ನೇ ಬಳಸಿತು. ಜಾನ್ ಮೆರ್ಮೋಜ್ ಮತ್ತು ಲೇಖಕ ಆಂತ್ವಾನ್ ದ ಸಾಂ-ಎಕ್ಸುಪೆರಿ ಈ ಅಂಚೆ ಮಾರ್ಗದ ಚಾಲಕರಾಗಿದ್ದರು. ಮರುಭೂಮಿಯ ಮೇಲಿನ ಈ ಹಾರಾಟಗಳಲ್ಲಿ ಎಂಜಿನ್ ಕೆಟ್ಟು ಇಳಿಯಬೇಕಾಗಿ ಬಂದ ಚಾಲಕರು ಪ್ರಾಣಾಪಾಯಕ್ಕೆ ಸಿಲುಕುತ್ತಿದ್ದರು.

ದೂರದ ಸೂತ್ರ

1920ರ ದಶಕದ ಆರಂಭದಲ್ಲಿ ಬ್ರೆಗೆಯವರು ವಿಮಾನದ ದಕ್ಷತೆಯ ಬಗ್ಗೆ ಉಪನ್ಯಾಸಗಳನ್ನು ನೀಡಿದರು. ವಿಮಾನ ಹಾರಬಲ್ಲ ದೂರವನ್ನು ತಿಳಿಸುವ ಸೂತ್ರವು ಬ್ರೆಗೆ ಸಮೀಕರಣ ಎಂದು ಪ್ರಸಿದ್ಧವಾಗಿದೆ. ಇದರ ಪ್ರಕಾರ ದೂರವು ಮೂರು ವಿಷಯಗಳನ್ನು ಅವಲಂಬಿಸಿದೆ. ಮೊದಲನೆಯದು, ರೆಕ್ಕೆಗಳು ಕೊಡುವ ಎತ್ತುವ ಬಲಕ್ಕೂ ಗಾಳಿಯ ತಡೆಗೂ ಇರುವ ಅನುಪಾತ. ಎರಡನೆಯದು, ಎಂಜಿನ್ ಮತ್ತು ಪ್ರೊಪೆಲ್ಲರ್‌ಗಳ ದಕ್ಷತೆ. ಮೂರನೆಯದು, ಹೊರಡುವಾಗಿನ ತೂಕಕ್ಕೂ ಇಂಧನ ಮುಗಿದಾಗಿನ ತೂಕಕ್ಕೂ ಇರುವ ಅನುಪಾತದ ಲಾಗರಿದಮ್.

ಮೂರನೆಯ ಅಂಶದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಂಧನವಿಲ್ಲದೆ 1 ಟನ್ ತೂಗುವ ವಿಮಾನವು 1 ಟನ್ ಇಂಧನ ತುಂಬಿಕೊಂಡು ಹೊರಟರೆ ತೂಕಗಳ ಅನುಪಾತ 2. ಇಂಧನವನ್ನು 2 ಟನ್‌ಗೆ ಏರಿಸಿದರೆ ಅನುಪಾತ 3 ಆಗುತ್ತದೆ. ಆದರೆ ಹಾರುವ ದೂರ ಎರಡು ಪಟ್ಟಾಗುವುದಿಲ್ಲ. ಸುಮಾರು ಶೇಕಡ 58ರಷ್ಟು ಮಾತ್ರ ಹೆಚ್ಚುತ್ತದೆ. ಹೆಚ್ಚುವರಿ ಇಂಧನದ ಒಂದು ಭಾಗ ಆ ಇಂಧನವನ್ನೇ ಹೊರಲು ಖರ್ಚಾಗುವುದು ಇದಕ್ಕೆ ಕಾರಣ. ಇದಕ್ಕೆ ಬದಲಾಗಿ, ಒಟ್ಟು ತೂಕವನ್ನು 2 ಟನ್‌ನಲ್ಲೇ ಇರಿಸಿ, ವಿಮಾನದ ಸ್ವಂತ ತೂಕದಲ್ಲಿ 200 ಕಿಲೋಗ್ರಾಂ ಕಡಿಮೆ ಮಾಡಿ ಅಷ್ಟೇ ತೂಕದ ಇಂಧನ ಸೇರಿಸಿದರೆ ದೂರವು ಸುಮಾರು ಶೇಕಡ 32ರಷ್ಟು ಹೆಚ್ಚುತ್ತದೆ. ಚೌಕಟ್ಟಿನಲ್ಲಿ ಉಳಿಸಿದ ಪ್ರತಿ ಕಿಲೋಗ್ರಾಂ ಕೂಡ ದೂರವಾಗಿ ಮರಳಿ ಸಿಗುತ್ತದೆ ಎಂಬುದು ಇದರ ತಾತ್ಪರ್ಯ. ಹಗುರವಾದ ಲೋಹದ ರಚನೆಗೆ ಬ್ರೆಗೆ ನೀಡಿದ ಮಹತ್ವವು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಬ್ರೆಗೆ 19

ಬ್ರೆಗೆ 14ರ ಉತ್ತರಾಧಿಕಾರಿಯಾದ ಬ್ರೆಗೆ 19ನ್ನು 1921ರ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಇರಿಸಲಾಯಿತು. ಅದು 1922ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಹಾರಿತು. ಇದು ಸೆಸ್ಕ್ವಿಪ್ಲೇನ್, ಅಂದರೆ ಒಂದೂವರೆ ರೆಕ್ಕೆಯ ವಿಮಾನ. ಇದರ ಕೆಳಗಿನ ರೆಕ್ಕೆಯು ಮೇಲಿನದಕ್ಕಿಂತ ಬಹಳ ಚಿಕ್ಕದು. ಎರಡೂ ರೆಕ್ಕೆಗಳನ್ನು ಪ್ರತಿ ಬದಿಯಲ್ಲಿ ಒಂದೇ ಒಂದು ಆಧಾರಕಂಬವು ಜೋಡಿಸುತ್ತಿತ್ತು. ಕಂಬಗಳೂ ಬಿಗಿ ತಂತಿಗಳೂ ಕಡಿಮೆಯಾದ್ದರಿಂದ ಗಾಳಿಯ ತಡೆ ಇಳಿಯಿತು. ಒಡಲಿನ ಚೌಕಟ್ಟು ಡ್ಯುರಾಲುಮಿನ್‌ನದು. ಮುಂಭಾಗಕ್ಕೆ ಲೋಹದ ತಗಡು, ಹಿಂಭಾಗಕ್ಕೂ ರೆಕ್ಕೆಗಳಿಗೂ ಬಟ್ಟೆಯ ಹೊದಿಕೆ ಇತ್ತು. ಸೈನಿಕ ಆವೃತ್ತಿಯ ರೆಕ್ಕೆಯ ಅಗಲ 14.83 ಮೀಟರ್, ಉದ್ದ 9.61 ಮೀಟರ್, ಖಾಲಿ ತೂಕ ಸುಮಾರು 1400 ಕಿಲೋಗ್ರಾಂ.

ವೀಕ್ಷಣೆ ಮತ್ತು ಬಾಂಬ್ ದಾಳಿ ಎರಡಕ್ಕೂ ಈ ವಿಮಾನವನ್ನು ತಯಾರಿಸಲಾಯಿತು. ಫ್ರಾನ್ಸ್ ಅಲ್ಲದೆ ಸ್ಪೇನ್, ಯುಗೊಸ್ಲಾವಿಯ, ಬೆಲ್ಜಿಯಂ ಮೊದಲಾದ ದೇಶಗಳಲ್ಲಿ ಪರವಾನಗಿಯ ಮೇರೆಗೆ ಇದರ ಉತ್ಪಾದನೆ ನಡೆಯಿತು. ಒಟ್ಟು 2000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಪೋಲೆಂಡ್, ರುಮೇನಿಯ, ಗ್ರೀಸ್, ಟರ್ಕಿ ಮತ್ತು ಚೀನಾದ ಸೇನೆಗಳೂ ಇದನ್ನು ಬಳಸಿದವು.

ಮೊರಾಕ್ಕೊದ ರಿಫ್ ಪ್ರದೇಶದ ಜನರು ವಸಾಹತು ಆಡಳಿತದ ವಿರುದ್ಧ ಎದ್ದಾಗ ಅವರನ್ನು ಹತ್ತಿಕ್ಕಲು ಫ್ರಾನ್ಸ್ ಮತ್ತು ಸ್ಪೇನ್ ಈ ವಿಮಾನಗಳಿಂದ ಬಾಂಬ್ ಹಾಕಿದವು. 1936ರಲ್ಲಿ ಆರಂಭವಾದ ಸ್ಪೇನಿನ ಅಂತರ್ಯುದ್ಧದಲ್ಲಿ ಎರಡೂ ಪಕ್ಷಗಳ ಬಳಿ ಬ್ರೆಗೆ 19 ಇತ್ತು. 1940ರಲ್ಲಿ ಇಟಲಿಯು ಗ್ರೀಸಿನ ಮೇಲೆ ದಾಳಿ ಮಾಡಿದಾಗ, ಅಷ್ಟು ಹೊತ್ತಿಗೆ ಹಳತಾಗಿದ್ದ ಇದೇ ವಿಮಾನವನ್ನು ಗ್ರೀಸಿನ ಸೇನೆ ವೀಕ್ಷಣೆಗೆ ಬಳಸಿಕೊಂಡಿತು.

ದೂರ ಹಾರಾಟಗಳು

ಸೇನೆಗಾಗಿ ಹುಟ್ಟಿದ ಬ್ರೆಗೆ 19 ಹೆಚ್ಚು ಪ್ರಸಿದ್ಧವಾದದ್ದು ದೂರದ ಹಾರಾಟಗಳಿಂದ. 1924ರ ಏಪ್ರಿಲ್‌ನಲ್ಲಿ ಜಾರ್ಜ್ ಪೆಲ್ತಿಯೆ ದ್ವಾಸಿ ಎಂಬ ಚಾಲಕ ಮೆಕ್ಯಾನಿಕ್ ಒಬ್ಬರೊಡನೆ ಪ್ಯಾರಿಸ್‌ನಿಂದ ಟೋಕಿಯೋಗೆ ಹೊರಟರು. ಕರಾಚಿ, ಆಗ್ರಾ ಮತ್ತು ಕಲ್ಕತ್ತಾ ಅವರ ಮಾರ್ಗದ ತಂಗುದಾಣಗಳಾಗಿದ್ದವು. ಶಾಂಘೈಯಲ್ಲಿ ಇಳಿಯುವಾಗ ವಿಮಾನ ಜಖಂಗೊಂಡದ್ದರಿಂದ, ಚೀನಾದಲ್ಲಿ ದೊರೆತ ಬ್ರೆಗೆ 14 ವಿಮಾನವೊಂದರಲ್ಲಿ ಅವರು ಜೂನ್ ತಿಂಗಳಲ್ಲಿ ಟೋಕಿಯೋ ತಲುಪಿದರು.

1927ರ ಮೇ 8ರಂದು ಶಾರ್ಲ್ ನಂಜೆಸೆ ಮತ್ತು ಫ್ರಾನ್ಸ್ವಾ ಕೊಲಿ ಎಂಬ ಫ್ರೆಂಚ್ ಚಾಲಕರು ಬೇರೊಂದು ಕಂಪನಿಯ ಬೈಪ್ಲೇನ್‌ನಲ್ಲಿ ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಹೊರಟು ಕಣ್ಮರೆಯಾದರು. ಎರಡು ವಾರಗಳೊಳಗೆ ಅಮೆರಿಕದ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಬ್ಬರೇ ಹಾರಿ ಬಂದರು. ಪ್ಯಾರಿಸ್‌ನಿಂದ ನ್ಯೂಯಾರ್ಕ್‌ನತ್ತ ಹಾರುವವರು ಎದುರು ಗಾಳಿಯೊಡನೆ ಹೋರಾಡಬೇಕಾಗಿದ್ದುದರಿಂದ ಆ ದಿಕ್ಕಿನ ಯಾನ ಇನ್ನೂ ಕಠಿಣವಾಗಿತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಯುಡೊನೆ ಕೋಸ್ತ್ ಮತ್ತು ಜೋಸೆಫ್ ಲ ಬ್ರಿ ಅವರು ಬ್ರೆಗೆ 19 ವಿಮಾನವೊಂದಕ್ಕೆ ಕಣ್ಮರೆಯಾದ ಆ ಇಬ್ಬರ ಹೆಸರಿಟ್ಟು ಹೊರಟರು. ಅಕ್ಟೋಬರ್ 14–15ರಂದು ಸೆನೆಗಲ್‌ನ ಸೇಂಟ್ ಲೂಯಿಯಿಂದ ಬ್ರೆಜಿಲ್‌ನ ನಟಾಲ್‌ಗೆ ಹಾರಿ, ದಕ್ಷಿಣ ಅಟ್ಲಾಂಟಿಕ್ ಸಾಗರವನ್ನು ಎಲ್ಲಿಯೂ ಇಳಿಯದೆ ದಾಟಿದವರಲ್ಲಿ ಮೊದಲಿಗರಾದರು. ಪೆಸಿಫಿಕ್ ಸಾಗರವನ್ನು ಹಡಗಿನಲ್ಲಿ ದಾಟಿ, ಏಷ್ಯಾದ ಮೂಲಕ ಹಾರಿ, 1928ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ಗೆ ಮರಳಿದರು.

ಉತ್ತರ ಅಟ್ಲಾಂಟಿಕ್ ಯಾನಕ್ಕಾಗಿ ಬ್ರೆಗೆ ಕಾರ್ಖಾನೆಯು ರೆಕ್ಕೆಯನ್ನು 18.3 ಮೀಟರ್‌ಗೆ ಹಿಗ್ಗಿಸಿ, 5000 ಲೀಟರ್‌ಗೂ ಹೆಚ್ಚು ಇಂಧನ ಹಿಡಿಸುವ ವಿಶೇಷ ವಿಮಾನವೊಂದನ್ನು ತಯಾರಿಸಿತು. ಕೆಂಪು ಬಣ್ಣದ ಈ ವಿಮಾನದ ಬದಿಯಲ್ಲಿ ದೊಡ್ಡ ಬಿಳಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ವಿಮಾನದ ಹೆಸರೂ ಅದೇ ಆಯಿತು. 1929ರ ಜುಲೈನಲ್ಲಿ ಕೋಸ್ತ್ ಮತ್ತು ಮೋರಿಸ್ ಬೆಲ್ಲೋಂತ್ ನಡೆಸಿದ ಮೊದಲ ಪ್ರಯತ್ನ ವಿಫಲವಾಯಿತು. ಎದುರು ಗಾಳಿಯಲ್ಲಿ ಇಂಧನ ಸಾಲದೆಂದು ಕಂಡು ಅವರು ಸಾಗರದ ನಡುವಿನಿಂದ ಹಿಂದಿರುಗಿದರು. ಅದೇ ಸಮಯದಲ್ಲಿ ಹೊರಟಿದ್ದ ಪೋಲೆಂಡಿನ ಪ್ರತಿಸ್ಪರ್ಧಿ ವಿಮಾನವೊಂದು ಅಜೋರ್ಸ್ ದ್ವೀಪದಲ್ಲಿ ಅಪಘಾತಕ್ಕೀಡಾಗಿ ಅದರ ಚಾಲಕರಲ್ಲಿ ಒಬ್ಬರು ಸತ್ತರು. ಸೆಪ್ಟೆಂಬರ್‌ನಲ್ಲಿ ಕೋಸ್ತ್ ಮತ್ತು ಬೆಲ್ಲೋಂತ್ ಪ್ಯಾರಿಸ್‌ನಿಂದ ಮಂಚೂರಿಯದ ಚಿಚಿಹಾರ್‌ವರೆಗೆ 7905 ಕಿಲೋಮೀಟರ್ ಹಾರಿ ದೂರದ ವಿಶ್ವದಾಖಲೆ ಸ್ಥಾಪಿಸಿದರು. ಕೊನೆಗೆ 1930ರ ಸೆಪ್ಟೆಂಬರ್ 1ರಂದು ಪ್ಯಾರಿಸ್‌ನ ಲ ಬೂರ್ಜೆಯಿಂದ ಹೊರಟು, 37 ಗಂಟೆ 18 ನಿಮಿಷಗಳ ಬಳಿಕ ನ್ಯೂಯಾರ್ಕ್ ತಲುಪಿದರು. ಪ್ಯಾರಿಸ್‌ನಿಂದ ನ್ಯೂಯಾರ್ಕ್‌ಗೆ ಎಲ್ಲಿಯೂ ಇಳಿಯದೆ ನಡೆದ ಮೊದಲ ಯಾನ ಇದು.

ಎಲ್ಲ ಯಾನಗಳೂ ಹೀಗೆ ಮುಗಿಯಲಿಲ್ಲ. 1933ರ ಜೂನ್‌ನಲ್ಲಿ ಸ್ಪೇನಿನ ಮರಿಯಾನೊ ಬಾರ್ಬೆರಾನ್ ಮತ್ತು ಹೋಕಿನ್ ಕೊಯ್ಯಾರ್ ಅವರು ಸ್ಪೇನಿನಲ್ಲಿ ತಯಾರಾದ ಇದೇ ಮಾದರಿಯ ವಿಮಾನದಲ್ಲಿ ಸೆವಿಲ್‌ನಿಂದ ಕ್ಯೂಬಾಕ್ಕೆ ಯಶಸ್ವಿಯಾಗಿ ಹಾರಿದರು. ಕೆಲವು ದಿನಗಳ ನಂತರ ಅಲ್ಲಿಂದ ಮೆಕ್ಸಿಕೋ ನಗರಕ್ಕೆ ಹೊರಟವರು ಮತ್ತೆ ಪತ್ತೆಯಾಗಲಿಲ್ಲ.

ಮತ್ತೆ ಹೆಲಿಕಾಪ್ಟರ್‌ನತ್ತ

1930ರ ದಶಕದಲ್ಲಿ ಬ್ರೆಗೆ ತಮ್ಮ ಮೊದಲ ಆಸಕ್ತಿಗೆ ಮರಳಿದರು. ಎಂಜಿನಿಯರ್ ರೆನೆ ದೊರಾಂ ಅವರೊಡನೆ ನಿರ್ಮಿಸಿದ ಪ್ರಯೋಗಾತ್ಮಕ ಗೈರೊಪ್ಲೇನ್‌ನಲ್ಲಿ ಎರಡು ರೋಟರ್‌ಗಳು ಒಂದೇ ಅಕ್ಷದ ಮೇಲೆ ಒಂದರ ಮೇಲೊಂದು ವಿರುದ್ಧ ದಿಕ್ಕುಗಳಲ್ಲಿ ತಿರುಗುತ್ತಿದ್ದವು. ಒಂದು ರೋಟರ್ ಮಾತ್ರ ಇದ್ದರೆ ಯಂತ್ರದ ಒಡಲು ಅದಕ್ಕೆ ವಿರುದ್ಧವಾಗಿ ತಿರುಗತೊಡಗುತ್ತದೆ. ಎರಡು ರೋಟರ್‌ಗಳ ವ್ಯವಸ್ಥೆಯಿಂದ ಈ ಪ್ರವೃತ್ತಿ ರದ್ದಾಗುತ್ತದೆ. 1935ರ ಜೂನ್ 26ರಂದು ಮೋರಿಸ್ ಕ್ಲೆಸ್ ಅದನ್ನು ಹಾರಿಸಿದರು. 1936ರಲ್ಲಿ ಅದು 158 ಮೀಟರ್ ಎತ್ತರಕ್ಕೆ ಏರಿತು. ಇನ್ನೊಂದು ಹಾರಾಟದಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಗಾಳಿಯಲ್ಲಿ ಉಳಿಯಿತು. 1907ರ ಯಂತ್ರದಂತೆ ಇದನ್ನು ಕೆಳಗೆ ನಿಂತು ಹಿಡಿದುಕೊಳ್ಳುವವರು ಬೇಕಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಲ್ಲಕೂಬ್ಲೆಯ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಈ ಯಂತ್ರ ನಾಶವಾಯಿತು.

ರಾಷ್ಟ್ರೀಕರಣ ಮತ್ತು ಎರಡನೇ ಮಹಾಯುದ್ಧ

1936ರಲ್ಲಿ ಫ್ರಾನ್ಸ್ ಸರ್ಕಾರವು ಯುದ್ಧ ಸಾಮಗ್ರಿ ಉದ್ಯಮವನ್ನು ರಾಷ್ಟ್ರೀಕರಿಸಿದಾಗ ಬ್ರೆಗೆ ಕಂಪನಿಯ ಕೆಲವು ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋದವು. ವೆಲಿಝಿಯ ಕಾರ್ಖಾನೆಯನ್ನು ಉಳಿಸಿಕೊಂಡ ಬ್ರೆಗೆ, ಮುಂದೆ ಟೂಲೂಸ್‌ನಲ್ಲಿದ್ದ ಲಾಟೆಕೋಯೆರ್ ಕಾರ್ಖಾನೆಯನ್ನು ಕೊಂಡು ಉದ್ಯಮವನ್ನು ಮುಂದುವರಿಸಿದರು. ಈ ಅವಧಿಯಲ್ಲಿ ರೂಪುಗೊಂಡ ಬ್ರೆಗೆ 693 ಎರಡು ಎಂಜಿನ್‌ಗಳ ದಾಳಿ ವಿಮಾನ. 1940ರ ಮೇ ತಿಂಗಳಲ್ಲಿ ಬೆಲ್ಜಿಯಂನಲ್ಲಿ ಮುನ್ನುಗ್ಗುತ್ತಿದ್ದ ಜರ್ಮನ್ ಪಡೆಗಳ ಮೇಲೆ ಬಹಳ ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡಿದ ಈ ವಿಮಾನಗಳು ವಿಮಾನ ನಿರೋಧಕ ಗುಂಡಿನ ಸುರಿಮಳೆಗೆ ಸಿಲುಕಿ ಭಾರೀ ನಷ್ಟ ಅನುಭವಿಸಿದವು.

ಕ್ರೀಡೆ

ಬ್ರೆಗೆ ಹಾಯಿದೋಣಿ ಸ್ಪರ್ಧೆಗಳಲ್ಲಿಯೂ ಭಾಗವಹಿಸುತ್ತಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 8 ಮೀಟರ್ ದೋಣಿಗಳ ವಿಭಾಗದಲ್ಲಿ ಕಂಚಿನ ಪದಕ ಗೆದ್ದ ಫ್ರಾನ್ಸ್ ತಂಡದಲ್ಲಿ ಅವರಿದ್ದರು.

ಕೊನೆಯ ವರ್ಷಗಳು

ಯುದ್ಧದ ನಂತರ ಕಂಪನಿಯು ದೊಡ್ಡ ಪ್ರಯಾಣಿಕ ವಿಮಾನದ ಕೆಲಸ ಕೈಗೆತ್ತಿಕೊಂಡಿತು. ಎರಡು ಅಂತಸ್ತುಗಳ ಡ್ಯೂ-ಪೋಂ ವಿಮಾನವು 1949ರ ಫೆಬ್ರವರಿ 15ರಂದು ಮೊದಲ ಬಾರಿಗೆ ಹಾರಿತು. 100ಕ್ಕೂ ಹೆಚ್ಚು ಪ್ರಯಾಣಿಕರನ್ನು ಒಯ್ಯಬಲ್ಲ ಇದನ್ನು ಏರ್ ಫ್ರಾನ್ಸ್ ತನ್ನ ಮಾರ್ಗಗಳಲ್ಲಿ ಬಳಸಿತು. ಬ್ರೆಗೆ 1955ರ ಮೇ 4ರಂದು, ತಮ್ಮ 75ನೆಯ ವಯಸ್ಸಿನಲ್ಲಿ ನಿಧನರಾದರು.

ಭಾರತದೊಂದಿಗೆ ಸಂಬಂಧ

ಬ್ರೆಗೆಯವರ ಮರಣದ ನಂತರ, 1956ರಲ್ಲಿ, ಕಂಪನಿಯ ಅಲಿಝೆ ವಿಮಾನ ಮೊದಲ ಬಾರಿಗೆ ಹಾರಿತು. ಜಲಾಂತರ್ಗಾಮಿಗಳನ್ನು ಪತ್ತೆ ಹಚ್ಚುವ ಈ ವಿಮಾನವನ್ನು ಭಾರತೀಯ ನೌಕಾಪಡೆಯು ಐಎನ್‌ಎಸ್ ವಿಕ್ರಾಂತ್ ಹಡಗಿನಲ್ಲಿ ಬಳಸಿತು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯ ಕಾರ್ಯಾಚರಣೆಗಳಲ್ಲಿ ಇವು ಭಾಗವಹಿಸಿದವು.

1966ರಲ್ಲಿ ಬ್ರೆಗೆ ಕಂಪನಿ ಮತ್ತು ಬ್ರಿಟಿಷ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ ಜೊತೆಗೂಡಿ ಸೆಪೆಕ್ಯಾಟ್ ಸಂಸ್ಥೆಯನ್ನು ಸ್ಥಾಪಿಸಿದವು. ಬ್ರೆಗೆ ಕಂಪನಿಯ ವಿನ್ಯಾಸವನ್ನು ಆಧರಿಸಿ ಈ ಸಂಸ್ಥೆ ರೂಪಿಸಿದ ಜಾಗ್ವಾರ್ ಯುದ್ಧವಿಮಾನವು 1979ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿತು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಇದನ್ನು ಪರವಾನಗಿಯ ಮೇರೆಗೆ ತಯಾರಿಸಿತು. ಬ್ರೆಗೆ ಕಂಪನಿಯು 1971ರಲ್ಲಿ ಡಸಾಲ್ಟ್ ಕಂಪನಿಯೊಂದಿಗೆ ವಿಲೀನಗೊಂಡಿತು.

ಪರಂಪರೆ

ಕೋಸ್ತ್ ಮತ್ತು ಬೆಲ್ಲೋಂತ್ ಹಾರಿಸಿದ ಕೆಂಪು ವಿಮಾನವನ್ನು ಲ ಬೂರ್ಜೆಯ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಲಾಗಿದೆ. 1929ರಲ್ಲಿ ಸೆವಿಲ್‌ನಿಂದ ಬ್ರೆಜಿಲ್‌ಗೆ ಹಾರಿದ ಸ್ಪೇನಿನ ಬ್ರೆಗೆ 19 ಮ್ಯಾಡ್ರಿಡ್‌ನ ವಾಯು ವಸ್ತುಸಂಗ್ರಹಾಲಯದಲ್ಲಿದೆ.

ಬ್ರೆಗೆ 19 ಮಾದರಿ ವಿಮಾನಗಳ ಹವ್ಯಾಸಿಗಳಿಗೂ ಪರಿಚಿತ. 1:72 ಪ್ರಮಾಣದಲ್ಲಿ ಸೈನಿಕ ಆವೃತ್ತಿಯ ಮಾದರಿಯ ರೆಕ್ಕೆಯ ಅಗಲ ಸುಮಾರು 20.6 ಸೆಂಟಿಮೀಟರ್, ಉದ್ದ ಸುಮಾರು 13.3 ಸೆಂಟಿಮೀಟರ್ ಆಗುತ್ತದೆ. ಅಟ್ಲಾಂಟಿಕ್ ದಾಟಿದ ವಿಶೇಷ ವಿಮಾನದ ರೆಕ್ಕೆಯು ಇದೇ ಪ್ರಮಾಣದಲ್ಲಿ ಸುಮಾರು 25.4 ಸೆಂಟಿಮೀಟರ್. ಒಂದೇ ಮೂಲ ವಿನ್ಯಾಸವು ಅನೇಕ ದೇಶಗಳ ಸೇನೆಗಳಲ್ಲಿ ಬಳಕೆಯಾದ್ದರಿಂದ ಬೇರೆಬೇರೆ ಬಣ್ಣ ಮತ್ತು ಗುರುತುಗಳಲ್ಲಿ ಮಾದರಿಯನ್ನು ಸಿದ್ಧಪಡಿಸಬಹುದು. ಪ್ರತಿ ಬದಿಗೆ ಒಂದೇ ಆಧಾರಕಂಬವಿರುವುದರಿಂದ ಮೇಲಿನ ರೆಕ್ಕೆಯನ್ನು ಓರೆಯಾಗದಂತೆ ಕೂರಿಸುವುದಕ್ಕೆ ಹೆಚ್ಚಿನ ಎಚ್ಚರ ಬೇಕು. ನಿಜವಾದ ವಿಮಾನದಲ್ಲಿ ಗಾಳಿಯ ತಡೆಯನ್ನು ಇಳಿಸಿ ದೂರವನ್ನು ಹೆಚ್ಚಿಸಿದ ರಚನೆಯೂ ಇದೇ ಆಗಿದೆ.

ಬ್ರೆಗೆ ಸಮೀಕರಣವನ್ನು ವಿಮಾನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಪ್ರೊಪೆಲ್ಲರ್ ವಿಮಾನಗಳ ಕಾಲದಲ್ಲಿ ಹುಟ್ಟಿದ ಈ ಸೂತ್ರವನ್ನು ಜೆಟ್ ವಿಮಾನಗಳಿಗೂ ಹೊಂದಿಸಿಕೊಳ್ಳಲಾಗಿದೆ. ಹೊಸ ಪ್ರಯಾಣಿಕ ವಿಮಾನವೊಂದು ಎಷ್ಟು ದೂರ ಹಾರಬಲ್ಲದು ಎಂಬ ಮೊದಲ ಅಂದಾಜನ್ನು ಈಗಲೂ ಇದರಿಂದಲೇ ಮಾಡಲಾಗುತ್ತದೆ.